ಬೆಳಕಿನಿಂದ ಮಾತ್ರೆಯೊಳಗಿನ ಔಷಧ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ತರಗತಿ ಮುಗಿದ ಮೇಲೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ಚಿನ್ನದ ನ್ಯಾನೋಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ), ಲ್ಯೂಮಿನಾಲ್ (ಕ್ರಿಯೆಯಲ್ಲಿ ನೀಲಿ ಬೆಳಕು ಕೊಡುವ ರಾಸಾಯನಿಕ) ಮತ್ತು ಮಾತ್ರೆಯ ಪುಡಿಯೊಂದಿಗೆ ಕೂರುವುದು ಹಲವು ವರ್ಷಗಳ ರೂಢಿ. ವಿದ್ಯಾರ್ಥಿಗಳು, ಅವರ ತಂದೆ ತಾಯಿ, ಔಷಧ ಅಂಗಡಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಈ ವಿಧಾನ ಏನು? ಸರಳವಾಗಿ ಹೇಳಿ.

ಕೆಲವು ರಾಸಾಯನಿಕ ಕ್ರಿಯೆಗಳು ನಡೆಯುವಾಗ ಬೆಂಕಿಯಿಲ್ಲದೆ ಬೆಳಕು ಬರುತ್ತದೆ. ಇದಕ್ಕೆ ರಾಸಾಯನಿಕ ದೀಪ್ತಿ ಎನ್ನುತ್ತೇವೆ. ಆ ಕ್ರಿಯೆಗೆ ನ್ಯಾನೋಕಣ ಸೇರಿಸಿದರೆ ಬೆಳಕು ಹೆಚ್ಚುತ್ತದೆ. ಅದೇ ದ್ರಾವಣಕ್ಕೆ ಔಷಧ ಬಿದ್ದರೆ ಬೆಳಕು ಇನ್ನಷ್ಟು ಏರುತ್ತದೆ ಅಥವಾ ಕುಗ್ಗುತ್ತದೆ. ಎಷ್ಟು ಏರಿತು, ಎಷ್ಟು ಕುಗ್ಗಿತು ಎಂದು ಅಳೆದರೆ ಔಷಧ ಎಷ್ಟಿದೆ ಎಂಬುದು ಸಿಗುತ್ತದೆ.

ಬೆಂಕಿ ಇಲ್ಲದೆ ಬೆಳಕು ಬರುವುದು ಹೇಗೆ?

ಮಿಂಚುಹುಳು ನೋಡಿದವರಿಗೆ ಇದು ಹೊಸದಲ್ಲ. ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಕ್ತಿ ಶಾಖವಾಗಿ ಹೋಗುವ ಬದಲು, ಹೊಸದಾಗಿ ಹುಟ್ಟಿದ ಅಣುವನ್ನೇ ಹೆಚ್ಚು ಶಕ್ತಿಯ ಉದ್ರಿಕ್ತ ಸ್ಥಿತಿಗೆ ಏರಿಸುತ್ತದೆ. ಅಣು ಅಲ್ಲಿಂದ ಕೆಳಗಿಳಿಯುವಾಗ ಆ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ.

ಪ್ರಯೋಗಾಲಯದಲ್ಲಿ ತಯಾರಿಸಿದ ಸಾವಯವ ವಸ್ತುವೊಂದು ಹೀಗೆ ಹೊಳೆಯುವುದನ್ನು 1877ರಲ್ಲಿ ರಾಡ್ಜಿಷೆವ್ಸ್ಕಿ ವರದಿ ಮಾಡಿದರು. ಆ ವಸ್ತುವಿನ ಹೆಸರು ಲೋಫಿನ್. ನಾವು ಬಳಸುವ ಲ್ಯೂಮಿನಾಲ್‌ನ ಬೆಳಕನ್ನು ವಿವರಿಸಿದವರು ಆಲ್ಬ್ರೆಕ್ಟ್, 1928ರಲ್ಲಿ. ಪ್ರತ್ಯಾಮ್ಲೀಯ ದ್ರಾವಣದಲ್ಲಿ ಲ್ಯೂಮಿನಾಲ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ, ತಾಮ್ರ, ಕಬ್ಬಿಣ, ಕೋಬಾಲ್ಟ್‌ನಂಥ ಕ್ರಿಯಾವರ್ಧಕದ ಒಂದು ಹನಿ ಬಿಟ್ಟರೆ ಸಾಕು, ನೀಲಿ ಬೆಳಕು ಏಳುತ್ತದೆ. ಅದರ ತರಂಗಾಂತರ ಸುಮಾರು 425 ನ್ಯಾನೋಮೀಟರ್. ರಕ್ತದಲ್ಲಿರುವ ಕಬ್ಬಿಣಾಂಶವೂ ಇದೇ ಕೆಲಸ ಮಾಡುವುದರಿಂದ ಅಪರಾಧ ನಡೆದ ಜಾಗದಲ್ಲಿ ತೊಳೆದ ರಕ್ತದ ಕಲೆ ಹುಡುಕಲು ಪೊಲೀಸರ ತಜ್ಞರು ಲ್ಯೂಮಿನಾಲ್ ಸಿಂಪಡಿಸುತ್ತಾರೆ.

ಮಿಂಚುಹುಳು ಈ ವಿದ್ಯೆಯಲ್ಲಿ ನಮಗಿಂತ ಬಹಳ ಮುಂದಿದೆ. ಅದರ ನೂರು ಅಣುಗಳು ಕ್ರಿಯೆಗೆ ಒಳಗಾದರೆ ಸುಮಾರು ನಲವತ್ತು ಬೆಳಕು ಕೊಡುತ್ತವೆ. ನೀರಿನಲ್ಲಿ ಲ್ಯೂಮಿನಾಲ್‌ನ ನೂರರಲ್ಲಿ ಬೆಳಕು ಕೊಡುವುದು ಹೆಚ್ಚುಕಡಿಮೆ ಒಂದೇ. ಈ ಬಡ ಬೆಳಕನ್ನು ಬಲಪಡಿಸಲೆಂದೇ ನ್ಯಾನೋಕಣದ ನೆರವು ಬೇಕಾಯಿತು.

ಮಾತ್ರೆಯ ಪಟ್ಟಿಯ ಮೇಲೆಯೇ ಪ್ರಮಾಣ ಅಚ್ಚಾಗಿರುತ್ತದೆ. ಮತ್ತೆ ಅಳೆಯುವುದೇಕೆ?

ನಾನು ಈ ಕೆಲಸಕ್ಕೆ ಇಳಿದಿದ್ದು ನನ್ನ ಅವ್ವನಿಂದ. ಥೈರಾಯ್ಡ್ ತೊಂದರೆಗೆ ಆಕೆ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದಳು, ದಿನಕ್ಕೆ 50 ಮೈಕ್ರೋಗ್ರಾಂ. ಆ ಬಾಟಲಿಯನ್ನು ಇಡುತ್ತಿದ್ದದ್ದು ಅಡುಗೆಮನೆಯ ಗೂಡಿನಲ್ಲಿ, ಒಲೆಗೆ ಮೊಳದಷ್ಟು ದೂರ. ಏಪ್ರಿಲ್ ತಿಂಗಳು, ಹೊರಗೆ ನಲವತ್ತೆರಡು ಡಿಗ್ರಿ. ಮುಚ್ಚಳ ಸಡಿಲವಾಗಿತ್ತು. ಈ ಔಷಧಕ್ಕೆ ಬಿಸಿ, ಬೆಳಕು, ತೇವ ಮೂರೂ ಆಗದು. ಬಾಟಲಿ ಕೈಯಲ್ಲಿ ಹಿಡಿದು ನಿಂತಾಗ ಮನಸ್ಸಿಗೆ ಬಂದದ್ದು ಒಂದೇ ಪ್ರಶ್ನೆ: ಇದರಲ್ಲಿ ಈಗ ಉಳಿದಿರುವುದು ಎಷ್ಟು? ರಸಾಯನಶಾಸ್ತ್ರ ಓದಿದ್ದ ನನಗೆ ಆ ದಿನ ಉತ್ತರ ಹೇಳಲಾಗಲಿಲ್ಲ.

ಲೆಕ್ಕ ನೋಡಿ. ಮಾತ್ರೆಯ ತೂಕ 100 ಮಿಲಿಗ್ರಾಂ ಎಂದುಕೊಂಡರೆ ಅದರಲ್ಲಿ ಔಷಧ 50 ಮೈಕ್ರೋಗ್ರಾಂ, ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು. ಎರಡು ಸಾವಿರ ತೊಗರಿ ಕಾಳಿನ ರಾಶಿಯಲ್ಲಿ ಒಂದೇ ಕಾಳು ಔಷಧ, ಉಳಿದದ್ದೆಲ್ಲ ಪಿಷ್ಟ, ಲ್ಯಾಕ್ಟೋಸ್‌ನಂಥ ಪೂರಕ ಪದಾರ್ಥ. ಆ ಒಂದು ಕಾಳು ಅರ್ಧವಾಗಿದ್ದರೂ ಮಾತ್ರೆಯ ಬಣ್ಣ, ಗಾತ್ರ, ರುಚಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆಯಲ್ಲಿ ಇರುವುದು ಕಾಲು ಮಿಲಿಗ್ರಾಂ, ಅದರಲ್ಲಿ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಇಂಥ ಸಣ್ಣ ಪ್ರಮಾಣದ ಮಾತ್ರೆಗಳನ್ನು ಒಟ್ಟಿಗೆ ಪುಡಿ ಮಾಡಿ ಸರಾಸರಿ ನೋಡಿದರಷ್ಟೇ ಸಾಲದು, ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಸೂಕ್ಷ್ಮ ವಿಧಾನ ಬೇಕಾಗುವುದು ಅಲ್ಲಿ.

ಬೇರೆ ವಿಧಾನಗಳಿಲ್ಲವೇ? ಬೆಳಕಿನದ್ದೇ ಏಕೆ?

ಇವೆ. ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದು ದ್ರಾವಣದ ಮೂಲಕ ಬೆಳಕು ಹಾಯಿಸಿ ಎಷ್ಟು ಹೀರಿತು ಎಂದು ನೋಡುವ ವಿಧಾನ. ಅದರ ತೊಡಕು ಇಷ್ಟೇ: ದೀಪ ಸದಾ ಉರಿಯುತ್ತಿರುತ್ತದೆ. ಉರಿಯುವ ದೀಪದ ಬೆಳಕಿನಲ್ಲಿ ಆದ ಅತಿ ಸಣ್ಣ ಕೊರತೆಯನ್ನು ಗುರುತಿಸಬೇಕು. ನಡು ಮಧ್ಯಾಹ್ನ ಯಾರೋ ಒಂದು ಹಣತೆ ಆರಿಸಿದರೆ ನಿಮಗೆ ತಿಳಿಯುವುದೇ? ರಾಸಾಯನಿಕ ದೀಪ್ತಿಯಲ್ಲಿ ಹೊರಗಿನ ದೀಪವೇ ಇರುವುದಿಲ್ಲ. ಕರೆಂಟು ಹೋದ ಅಮಾವಾಸ್ಯೆಯ ರಾತ್ರಿ ದೂರದ ಹೊಲದಲ್ಲಿ ಯಾರೋ ಬೀಡಿ ಹಚ್ಚಿದರೂ ಕಾಣುತ್ತದಲ್ಲ, ಹಾಗೆ ಕತ್ತಲಲ್ಲಿ ಹುಟ್ಟುವ ಬೆಳಕನ್ನು ಮಾತ್ರ ಎಣಿಸುತ್ತೇವೆ. ಒಂದು ಮಿಲಿಲೀಟರ್‌ನಲ್ಲಿ ಕೆಲವು ನ್ಯಾನೋಗ್ರಾಂ ಔಷಧ ಇದ್ದರೂ ಗುರುತಿಸಬಹುದಾದ ವಿಧಾನಗಳು ಹೀಗೆ ಸಾಧ್ಯವಾಗಿವೆ.

ಎಣಿಸುವ ಕಣ್ಣು ಫೋಟೋಮಲ್ಟಿಪ್ಲೈಯರ್ ನಳಿಕೆ. ಬೆಳಕಿನ ಒಂದು ಕಣ ಬಿದ್ದು ಒಂದು ಎಲೆಕ್ಟ್ರಾನ್ ಹೊರಬಿದ್ದರೆ ಅದನ್ನು ಹಂತ ಹಂತವಾಗಿ ಹತ್ತು ಲಕ್ಷದಷ್ಟಕ್ಕೆ ಹೆಚ್ಚಿಸುತ್ತದೆ. ವೋಲ್ಟೇಜ್ ಇರುವಾಗ ಪೆಟ್ಟಿಗೆಯ ಮುಚ್ಚಳ ತೆರೆದರೆ ಕೋಣೆಯ ಬೆಳಕೇ ಅದನ್ನು ಕೆಡಿಸಿಬಿಡುತ್ತದೆ. ಹೊಸ ವಿದ್ಯಾರ್ಥಿಗಳಿಗೆ ನಾನು ಕಲಿಸುವ ಮೊದಲ ಪಾಠ ಈ ಮುಚ್ಚಳದ್ದು.

ನ್ಯಾನೋಕಣ ಅಲ್ಲಿ ಮಾಡುವ ಕೆಲಸವೇನು?

ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಭಾಗ. ಲ್ಯೂಮಿನಾಲ್ ಕ್ರಿಯೆಗೆ ವಿವಿಧ ಗಾತ್ರದ ಚಿನ್ನದ ಕಣಗಳನ್ನು ಹಾಕಿ ನೋಡಿದ ಚೀನಾದ ಹುವಾ ಕುಯಿ ಅವರ ತಂಡ 38 ನ್ಯಾನೋಮೀಟರ್ ಕಣದಿಂದ ಬೆಳಕು ಅತಿ ಹೆಚ್ಚು ಎಂದು 2005ರಲ್ಲಿ ಪ್ರಕಟಿಸಿತು. ಅಂಥ ಒಂದು ಕಣದಲ್ಲಿ ಸುಮಾರು 17 ಲಕ್ಷ ಚಿನ್ನದ ಪರಮಾಣುಗಳಿರುತ್ತವೆ. ಆದರೂ ಅದು ಕಣ್ಣಿಗೆ ಕಾಣದು.

ನನಗೆ ಬಲು ಇಷ್ಟವಾದ ಲೆಕ್ಕ ಮೇಲ್ಮೈಯದ್ದು. ಒಂದು ಗ್ರಾಂ ಚಿನ್ನವನ್ನು ದಾಳದಂತೆ ಒಂದೇ ಘನವಾಗಿ ಮಾಡಿದರೆ ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ ಒಂದು ಚದರ ಸೆಂಟಿಮೀಟರ್ ಕೂಡ ಆಗುವುದಿಲ್ಲ. ಅದೇ ಒಂದು ಗ್ರಾಂ 38 ನ್ಯಾನೋಮೀಟರ್ ಕಣಗಳಾದರೆ ಒಟ್ಟು ಮೇಲ್ಮೈ ಎಂಟು ಚದರ ಮೀಟರ್ ದಾಟುತ್ತದೆ. ಮೂಗುತಿಯಷ್ಟು ಚಿನ್ನ ಒಂಬತ್ತಡಿ ಹತ್ತಡಿಯ ಕೋಣೆಯ ನೆಲ ತುಂಬಿದಂತೆ. ಪೆರಾಕ್ಸೈಡ್ ಒಡೆಯುವುದು ಈ ಮೇಲ್ಮೈಯ ಮೇಲೆ. ಒಡೆದಾಗ ಹುಟ್ಟುವ, ಕ್ಷಣಕಾಲ ಮಾತ್ರ ಬದುಕುವ ಹೈಡ್ರಾಕ್ಸಿಲ್ ಮುಂತಾದ ಉಗ್ರ ಕಣಗಳು ಲ್ಯೂಮಿನಾಲ್ ಮೇಲೆ ಎರಗಿ ಬೆಳಕು ಹೊರಡಿಸುತ್ತವೆ. ಔಷಧದ ಅಣು ಬಂದು ಮೇಲ್ಮೈಗೆ ಅಂಟಿಕೊಂಡರೆ ಅಥವಾ ಆ ಉಗ್ರ ಕಣಗಳನ್ನು ತಾನೇ ನುಂಗಿದರೆ ಬೆಳಕು ಕುಗ್ಗುತ್ತದೆ.

ಚಿನ್ನವೇ ಆಗಬೇಕೆಂದಿಲ್ಲ. ಬೆಳ್ಳಿಯ ಕಣಗಳಿವೆ, ಕಬ್ಬಿಣದ ಆಕ್ಸೈಡ್ ಕಣಗಳಿವೆ, ಇಂಗಾಲದ ಚುಕ್ಕೆಗಳಿವೆ. 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಕ್ವಾಂಟಮ್ ಚುಕ್ಕೆಗಳನ್ನೂ ಈ ಕೆಲಸಕ್ಕೆ ಬಳಸುತ್ತಾರೆ.

ಚಿನ್ನದ ಕಣ ಮಾಡುವುದನ್ನು ನೋಡಬೇಕೆಂಬ ಆಸೆ. ಹೇಗಿರುತ್ತದೆ?

ಈ ಪ್ರಶ್ನೆ ಕೇಳಿದವರನ್ನು ನಾನು ಬರಿಗೈಯಲ್ಲಿ ಕಳಿಸುವುದಿಲ್ಲ, ನಿಲ್ಲಿಸಿ ತೋರಿಸುತ್ತೇನೆ. 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ವಿವರಿಸಿದ ವಿಧಾನ ಇದು, ಇಂದಿಗೂ ನಡೆದುಕೊಂಡು ಬಂದಿದೆ.

ನೂರು ಮಿಲಿಲೀಟರ್ ಶುದ್ಧ ನೀರಿನಲ್ಲಿ 10 ಮಿಲಿಗ್ರಾಂ ಕ್ಲೋರೋಆರಿಕ್ ಆಮ್ಲ ಎಂಬ ಚಿನ್ನದ ಸಂಯುಕ್ತ. ಬಣ್ಣ ತೆಳು ಹಳದಿ, ನಿಂಬೆಹಣ್ಣಿನ ಪಾನಕಕ್ಕೆ ಇನ್ನಷ್ಟು ನೀರು ಬೆರೆಸಿದಂತೆ. ಕಲಕುತ್ತಲೇ ಕುದಿಸಬೇಕು. ಕುದಿ ಬಂದ ಕೂಡಲೇ ಸೋಡಿಯಂ ಸಿಟ್ರೇಟ್ ದ್ರಾವಣವನ್ನು ಒಮ್ಮೆಗೇ ಸುರಿಯಬೇಕು, ಹನಿ ಹನಿಯಾಗಿ ಹಾಕಿದರೆ ಕಣಗಳ ಗಾತ್ರ ಒಂದೇ ಸಮ ಬರುವುದಿಲ್ಲ. ಮೊದಲು ಹಳದಿ ಮಾಯವಾಗಿ ದ್ರಾವಣ ನೀರಿನಂತಾಗುತ್ತದೆ. ಕೆಟ್ಟುಹೋಯಿತೇನೋ ಎಂದು ವಿದ್ಯಾರ್ಥಿಗಳು ನನ್ನ ಮುಖ ನೋಡುವುದು ಆಗಲೇ. ಸ್ವಲ್ಪ ಹೊತ್ತಿಗೆ ಬೂದು, ಬಳಿಕ ಶಾಯಿ ಚೆಲ್ಲಿದಂಥ ಕಪ್ಪು ನೀಲಿ, ಅದರಿಂದ ನೇರಳೆ, ಕೊನೆಗೆ ದಾಳಿಂಬೆ ರಸದ ಕೆಂಪು. ಚಿನ್ನ ಹಳದಿ ಎಂದು ಹುಟ್ಟಿದಾಗಿನಿಂದ ನಂಬಿದವರ ಕಣ್ಣೆದುರೇ ಅದು ಕೆಂಪಾಗುತ್ತದೆ. ಸಿಟ್ರೇಟ್ ಕಡಿಮೆ ಹಾಕಿದಷ್ಟೂ ಕಣ ದೊಡ್ಡದಾಗುತ್ತದೆ.

ಗಾಜಿನ ಪಾತ್ರೆ ಮಾತ್ರ ಅತಿ ಶುದ್ಧವಾಗಿರಬೇಕು. ಅದಕ್ಕೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿದ ರಾಜಾಮ್ಲ ಬಳಸುತ್ತೇವೆ. ಅದು ಚಿನ್ನವನ್ನೇ ಕರಗಿಸುವ ದ್ರವ. ಹೊಗೆ ಹೀರುವ ಕಪಾಟಿನ ಹೊರಗೆ, ಹಿರಿಯರಿಲ್ಲದ ಹೊತ್ತಿನಲ್ಲಿ ಯಾರೂ ಅದನ್ನು ಮುಟ್ಟಕೂಡದು.

ಚಿನ್ನ ಬಳಸಿದರೆ ಪರೀಕ್ಷೆ ದುಬಾರಿಯಾಗುವುದಿಲ್ಲವೇ?

ಮೇಲಿನ 10 ಮಿಲಿಗ್ರಾಂ ಸಂಯುಕ್ತದಲ್ಲಿ ಚಿನ್ನ ಅರ್ಧದಷ್ಟು, 5 ಮಿಲಿಗ್ರಾಂ. ಒಂದು ಅಳತೆಗೆ 0.1 ಮಿಲಿಲೀಟರ್ ಹಾಕಿದರೆ ಖರ್ಚಾಗುವ ಚಿನ್ನ 5 ಮೈಕ್ರೋಗ್ರಾಂ. ಒಂದು ಗ್ರಾಂ ಚಿನ್ನದಲ್ಲಿ ಎರಡು ಲಕ್ಷ ಅಳತೆ. ದುಬಾರಿಯಾಗುವುದು ಶುದ್ಧ ನೀರು ಮತ್ತು ಒಳ್ಳೆಯ ನಳಿಕೆ.

ನೀರಿನ ಬಗ್ಗೆ ಇಷ್ಟು ಕಟ್ಟುನಿಟ್ಟು ಏಕೆ?

ನಮ್ಮದು ಸುಣ್ಣದ ಕಲ್ಲಿನ ಸೀಮೆ. ಶಹಾಬಾದ್ ಕಲ್ಲು, ಸೇಡಂ ಕಡೆಯ ಸಿಮೆಂಟು ಎಲ್ಲವೂ ಅದರಿಂದಲೇ. ನಮ್ಮ ಪ್ರಯೋಗಾಲಯದ ಕಟ್ಟೆಗೂ ಹಾಸಿರುವುದು ಶಹಾಬಾದ್ ಕಲ್ಲು. ಆಮ್ಲದ ಒಂದು ಹನಿ ಚೆಲ್ಲಿದರೆ ಸುಯ್ ಎಂದು ನೊರೆ ಬಂದು ಬಿಳಿ ಕಲೆ ಉಳಿಯುತ್ತದೆ. ಪ್ರತಿ ಕಲೆಯೂ ಯಾವುದೋ ಒಂದು ವರ್ಷದ ತರಗತಿಯ ಗುರುತು. ಅಂಥ ನೆಲದಿಂದ ಬಂದ ಬೋರ್‌ವೆಲ್ ನೀರು ಗಡಸಾಗಿರುತ್ತದೆ.

ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಪಿಪೆಟ್ಟನ್ನು ನಲ್ಲಿಯ ನೀರಿನಲ್ಲಿ ತೊಳೆದು, ಕೊನೆಗೆ ಶುದ್ಧ ನೀರಿನಲ್ಲಿ ಅಲುಬುವುದನ್ನು ಮರೆತು ಚಿನ್ನದ ದ್ರಾವಣಕ್ಕೆ ಅದ್ದಿದಳು. ತುದಿಯ ಸುತ್ತ ಕೆಂಪು ನೇರಳೆಗೆ ತಿರುಗಿತು. ಗಡಸು ನೀರಿನ ಕ್ಯಾಲ್ಸಿಯಂ ಕಣಗಳ ನಡುವಿನ ವಿಕರ್ಷಣೆಯನ್ನು ಮುರಿದಿತ್ತು, ಅವು ಗುಂಪುಗಟ್ಟಿದ್ದವು. "ಸರ್, ಒಂದೇ ಹನಿಯಲ್ಲವೇ?" ಎಂದಳು. ಒಂದೇ ಹನಿ, ಇಡೀ ಬಾಟಲಿ ಹೋಯಿತು. ನೀರಿನಲ್ಲಿರುವ ಕಬ್ಬಿಣ, ತಾಮ್ರದ ಅಂಶ ಇನ್ನೂ ಕೆಟ್ಟದ್ದು. ಅದು ತಾನೇ ಲ್ಯೂಮಿನಾಲ್ ಬೆಳಗಿಸುತ್ತದೆ, ನಾವು ಔಷಧ ಸಿಕ್ಕಿತೆಂದು ನಂಬಿಬಿಡುತ್ತೇವೆ. ಹಾಗಾಗಿ ಔಷಧವಿಲ್ಲದ ದ್ರಾವಣವನ್ನು ಪ್ರತಿ ದಿನ, ಎಲ್ಲದಕ್ಕಿಂತ ಮೊದಲು ಓದಬೇಕು. ಇದನ್ನು ಬ್ಲ್ಯಾಂಕ್ ಎನ್ನುತ್ತೇವೆ. ಬ್ಲ್ಯಾಂಕ್ ಬರೆದಿಲ್ಲದ ಪುಟಕ್ಕೆ ನಾನು ಸಹಿ ಹಾಕುವುದಿಲ್ಲ.

ಒಂದು ಮಾತ್ರೆಯನ್ನು ಅಳೆಯುವ ಲೆಕ್ಕ ತೋರಿಸುತ್ತೀರಾ?

ಲೆಕ್ಕಕ್ಕೆಂದು 5 ಮಿಲಿಗ್ರಾಂ ಔಷಧದ ಮಾತ್ರೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಮಾತ್ರೆ ತೂಗಿದೆವು, 2.400 ಗ್ರಾಂ ಬಂತು. ಅಂದರೆ ಮಾತ್ರೆಯ ಸರಾಸರಿ ತೂಕ 120 ಮಿಲಿಗ್ರಾಂ. ಎಲ್ಲವನ್ನೂ ಒಟ್ಟಿಗೆ ನುಣ್ಣಗೆ ಅರೆದು ಅದರಿಂದ 120 ಮಿಲಿಗ್ರಾಂ ತೆಗೆದುಕೊಂಡು ಕರಗಿಸಿ, ಸೋಸಿ, 100 ಮಿಲಿಲೀಟರ್‌ಗೆ ತಂದೆವು. ಪಟ್ಟಿಯ ಮಾತು ನಿಜವಾದರೆ ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ ಇರಬೇಕು. ಬೆಳಕಿನ ವಿಧಾನಕ್ಕೆ ಇದು ವಿಪರೀತ ಹೆಚ್ಚು. ಆದ್ದರಿಂದ ಅದರಲ್ಲಿ 1 ಮಿಲಿಲೀಟರ್ ಎತ್ತಿ ಮತ್ತೆ 100ಕ್ಕೆ ತಂದೆವು. ಈಗ 0.5 ಇರಬೇಕು.

ಇದಕ್ಕೂ ಮೊದಲೇ ಶುದ್ಧ ಔಷಧದ ಪ್ರಮಾಣಿತ ದ್ರಾವಣಗಳನ್ನು 0.1ರಿಂದ 1.0ರವರೆಗೆ ಮಾಡಿ, ಬೆಳಕು ಓದಿ, ರೇಖೆ ಎಳೆದಿರುತ್ತೇವೆ. ಈಗ ಮಾದರಿಯನ್ನು ಆರು ಬಾರಿ ಓದಿ, ಸರಾಸರಿಯನ್ನು ರೇಖೆಯ ಮೇಲೆ ಇಟ್ಟರೆ 0.47 ಬಂತು ಎನ್ನೋಣ. ಪಟ್ಟಿಯಲ್ಲಿ ಹೇಳಿದ್ದರ ಶೇಕಡಾ 94. ಮಿತಿ 90ರಿಂದ 110 ಇರುವ ಔಷಧವಾದರೆ ಇದು ಪಾಸು. ಪ್ಯಾರಾಸಿಟಮಾಲ್ ಮಾತ್ರೆಯಂತೆ 95ರಿಂದ 105 ಎಂಬ ಬಿಗಿ ಮಿತಿಯಿದ್ದರೆ ಇದೇ ಸಂಖ್ಯೆ ನಪಾಸು. ಹಾಗಿರುವಾಗ ನಮ್ಮ ಅಳತೆಯಲ್ಲೇ ಶೇಕಡಾ ಎರಡರಷ್ಟು ಓಲಾಟ ಇದ್ದರೆ ತೀರ್ಪು ಹೇಳುವುದು ಹೇಗೆ? ಆರು ಓದುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂಬುದನ್ನು ಸರಾಸರಿಯ ಪಕ್ಕದಲ್ಲೇ ಬರೆಯಬೇಕು ಎಂದು ಹಟ ಹಿಡಿಯುವುದು ಇದಕ್ಕಾಗಿ.

ಕೈಯಿಂದ ಬೆರೆಸಿದರೆ ಪ್ರತಿ ಸಲ ಬೆಳಕು ಬೇರೆ ಬರುತ್ತದೆ, ಏಕೆಂದರೆ ಅದು ಕೆಲವೇ ಕ್ಷಣಗಳಲ್ಲಿ ಏರಿ ಇಳಿಯುತ್ತದೆ. ಸಣ್ಣ ಪಂಪಿನಿಂದ ದ್ರಾವಣಗಳನ್ನು ತೆಳು ನಳಿಗಳಲ್ಲಿ ಹರಿಸಿ, ನಳಿಕೆಯ ಎದುರೇ ಸಂಧಿಸುವಂತೆ ಮಾಡುವುದು ಉತ್ತಮ. 1975ರಲ್ಲಿ ರುಜಿಕ ಮತ್ತು ಹ್ಯಾನ್ಸನ್ ಪರಿಚಯಿಸಿದ ಹರಿವಿನ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಎಲ್ಲ ಔಷಧಗಳನ್ನೂ ಹೀಗೆ ಅಳೆಯಬಹುದೇ?

ಇಲ್ಲ. ಸುಲಭವಾಗಿ ಉತ್ಕರ್ಷಣೆಗೊಳ್ಳುವ ಗುಂಪು ಅಣುವಿನಲ್ಲಿದ್ದರೆ ದಾರಿ ಸುಗಮ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ರಕ್ತದೊತ್ತಡದ ಕ್ಯಾಪ್ಟೋಪ್ರಿಲ್, ಡೋಪಮೈನ್ ಇವುಗಳಿಗೆ ಹಲವು ವಿಧಾನಗಳು ಪ್ರಕಟವಾಗಿವೆ. ಲ್ಯೂಮಿನಾಲ್ ಒಗ್ಗದಿದ್ದರೆ ಬೇರೆ ಬೆಳಕುಗಳಿವೆ: ಮಾರ್ಫಿನ್‌ಗೆ ಆಮ್ಲೀಯ ಪರ್ಮಾಂಗನೇಟ್, ತೃತೀಯಕ ಅಮೈನ್‌ಗಳಿಗೆ ಕಿತ್ತಳೆ ಬೆಳಕು ಕೊಡುವ ರುಥೇನಿಯಂ ಸಂಯುಕ್ತ.

ಕಂಡ ಬೆಳಕು ಔಷಧದ್ದೇ ಎಂದು ನಂಬುವುದು ಹೇಗೆ?

ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಮತ್ತು ಈ ವಿಧಾನದ ನಿಜವಾದ ದೌರ್ಬಲ್ಯವೂ ಇಲ್ಲಿಯೇ ಇದೆ. ಬೆಳಕಿಗೆ ಹೆಸರಿಲ್ಲ. ಎಷ್ಟು ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಔಷಧದ ಜೊತೆ ವಿಟಮಿನ್ ಸಿ ಇದ್ದರೆ ಅದು ಪೆರಾಕ್ಸೈಡ್‌ನ ಉಗ್ರ ಕಣಗಳನ್ನು ಗಬಗಬನೆ ನುಂಗುತ್ತದೆ. ಬೆಳಕು ಕುಗ್ಗಿದ್ದು ಕಂಡು ನಾವು ಔಷಧ ಹೆಚ್ಚಿದೆ ಎಂದುಕೊಳ್ಳುತ್ತೇವೆ.

ಆದ್ದರಿಂದ ಪಿಷ್ಟ, ಲ್ಯಾಕ್ಟೋಸ್, ಟಾಲ್ಕ್, ಮೆಗ್ನೀಸಿಯಂ ಸ್ಟಿಯರೇಟ್ ಒಂದೊಂದನ್ನೂ ಬೇರೆಯಾಗಿ ಹಾಕಿ ಬೆಳಕು ಅಲುಗುತ್ತದೆಯೇ ನೋಡುತ್ತೇವೆ. ಮಾತ್ರೆಯ ದ್ರಾವಣಕ್ಕೆ ಗೊತ್ತಿರುವಷ್ಟು ಶುದ್ಧ ಔಷಧ ಸೇರಿಸಿ, ಸೇರಿಸಿದ್ದು ಪೂರ್ತಿ ಲೆಕ್ಕಕ್ಕೆ ಸಿಗುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ನೂರು ಸೇರಿಸಿ ಎಂಬತ್ತು ಸಿಕ್ಕರೆ ಯಾವುದೋ ಅಡ್ಡಿ ಇದೆ ಎಂದರ್ಥ. ಕೊನೆಗೆ ಅದೇ ಮಾದರಿಯನ್ನು ಮಾನ್ಯ ವಿಧಾನದಲ್ಲೂ ಅಳೆದು ಹೋಲಿಸಬೇಕು. ಇಷ್ಟು ಮಾಡದೆ, ಅತಿ ಸಣ್ಣ ಪ್ರಮಾಣವನ್ನೂ ಗುರುತಿಸಿದೆವು ಎಂದು ಬರೆದುಕೊಳ್ಳುವ ಪ್ರಬಂಧಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸೂಕ್ಷ್ಮವಾಗಿ ತಪ್ಪು ಅಳೆದರೆ ರೋಗಿಗೆ ಏನು ಪ್ರಯೋಜನ?

ಸರ್ಕಾರಿ ಪ್ರಯೋಗಾಲಯಗಳು ಈ ವಿಧಾನವನ್ನು ಬಳಸುತ್ತವೆಯೇ?

ಔಷಧದ ಗುಣಮಟ್ಟದ ಅಧಿಕೃತ ಗ್ರಂಥ ಇಂಡಿಯನ್ ಫಾರ್ಮಕೋಪಿಯಾ, ಗಾಜಿಯಾಬಾದ್‌ನಲ್ಲಿರುವ ಆಯೋಗ ಅದನ್ನು ಹೊರತರುತ್ತದೆ. ಮಾತ್ರೆಯ ಔಷಧ ಪ್ರಮಾಣಕ್ಕೆ ಅಲ್ಲಿ ಸಾಮಾನ್ಯವಾಗಿ ಹೇಳಿರುವುದು ಎಚ್‌ಪಿಎಲ್‌ಸಿ ಎಂಬ ಯಂತ್ರದ ವಿಧಾನ, ಬೆಳಕು ಹೀರುವಿಕೆ ಮತ್ತು ಅನುಮಾಪನ (ಟೈಟ್ರೇಶನ್). ಎಚ್‌ಪಿಎಲ್‌ಸಿ ಮಿಶ್ರಣವನ್ನು ಬಿಡಿಸಿ ಅಳೆಯುತ್ತದೆ, ಹೀಗಾಗಿ ಕಾನೂನಿನ ತೀರ್ಪಿಗೆ ಅದೇ ಸರಿ. ಆದರೆ ಆ ಯಂತ್ರಕ್ಕೆ ಲಕ್ಷಗಟ್ಟಲೆ ಹಣ ಬೇಕು, ದಿನವೂ ದುಬಾರಿ ದ್ರಾವಕ ಬೇಕು. ಬೆಳಕಿನ ಪೆಟ್ಟಿಗೆಯನ್ನು ಜಿಲ್ಲೆಯ ಒಂದು ಕಾಲೇಜು ಕಟ್ಟಿಕೊಳ್ಳಬಹುದು. ಮೊದಲ ಜರಡಿಯಾಗಿ, ಸಂಶಯ ಬಂದ ಮಾದರಿಯನ್ನು ಮುಂದಕ್ಕೆ ಕಳಿಸುವ ಸಾಧನವಾಗಿ ಅದಕ್ಕೆ ಜಾಗವಿದೆ ಎಂದು ದೃಢವಾಗಿ ನಂಬಿದ್ದೇನೆ.

ಅಂದಹಾಗೆ ನಿಮ್ಮ ಮನೆಯಲ್ಲಿ ಥೈರಾಯ್ಡ್ ರಕ್ತ ಪರೀಕ್ಷೆಯ ವರದಿ ಇದ್ದರೆ ತೆಗೆದು ನೋಡಿ. ವಿಧಾನ ಎಂಬ ಕಡೆ ಸಿಎಲ್‌ಐಎ ಎಂದಿದ್ದರೆ ಅದು ಇದೇ ಬೆಳಕಿನ ಬಂಧು, ಪ್ರತಿಕಾಯಗಳನ್ನು ಬಳಸಿ ರಕ್ತದ ಹಾರ್ಮೋನ್ ಅಳೆಯುವ ರಾಸಾಯನಿಕ ದೀಪ್ತಿ ವಿಧಾನ.

ಅಂದರೆ ಮಾತ್ರೆಯೊಳಗೆ ನ್ಯಾನೋಕಣ ಬೆರೆಸುತ್ತೀರಾ?

ಇಲ್ಲವೇ ಇಲ್ಲ. ಕಣ ಸೇರುವುದು ಪರೀಕ್ಷೆಯ ದ್ರಾವಣಕ್ಕೆ ಮಾತ್ರ. ಪರೀಕ್ಷೆಗೆ ಅರೆದ ಮಾತ್ರೆ ಮತ್ತೆ ಯಾರ ಬಾಯಿಗೂ ಹೋಗುವುದಿಲ್ಲ.

ಮೊಬೈಲ್ ಕ್ಯಾಮೆರಾದಿಂದ ಅಳೆಯಬಹುದೇ?

ಬಲವಾದ ಬೆಳಕನ್ನು ಕತ್ತಲ ಡಬ್ಬಿಯಲ್ಲಿ ಚಿತ್ರ ತೆಗೆದು ಅಂದಾಜು ಮಾಡುವ ಪ್ರಯತ್ನಗಳು ನಡೆದಿವೆ. ತರಗತಿಯಲ್ಲಿ ತೋರಿಸಲು ಚೆನ್ನ. ಶೇಕಡಾ ಐದರ ವ್ಯತ್ಯಾಸ ತೀರ್ಮಾನಿಸಬೇಕಾದ ಕಡೆ ನಾನು ಅದನ್ನು ನೆಚ್ಚುವುದಿಲ್ಲ.

ಬೇಸಿಗೆಯಲ್ಲಿ ಪ್ರಯೋಗ ನಡೆಸುವುದು ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳಕ್ಕೆ ಶುರುಮಾಡಿ ಹತ್ತರೊಳಗೆ ಮುಗಿಸುತ್ತೇವೆ. ಬಿಸಿಗೆ ಕ್ರಿಯೆಯ ವೇಗ ಬದಲಾಗುತ್ತದೆ, ಪೆರಾಕ್ಸೈಡ್ ಬೇಗ ಕೆಡುತ್ತದೆ, ನಳಿಕೆಯಲ್ಲೂ ಹುಸಿ ಸಂಕೇತ ಹೆಚ್ಚುತ್ತದೆ. ಪೆರಾಕ್ಸೈಡ್‌ನ ತೆಳು ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಬೇಕು, ಲ್ಯೂಮಿನಾಲ್ ದ್ರಾವಣವನ್ನು ಕತ್ತಲಲ್ಲಿಡಬೇಕು. ನಡುವೆ ಕರೆಂಟು ಹೋಗಿ ಬಂದರೆ ಪ್ರಮಾಣಿತ ದ್ರಾವಣದಿಂದಲೇ ಮತ್ತೆ ಆರಂಭ. ಹಳೆಯ ರೇಖೆಗೆ ಹೊಸ ಓದುಗಳನ್ನು ಹೊಂದಿಸುವುದು ಸಲ್ಲದು.

ನಮ್ಮ ಮನೆಯ ಮಾತ್ರೆ ತಂದುಕೊಟ್ಟರೆ ಅಳೆದು ಹೇಳುತ್ತೀರಾ?

ವಾರಕ್ಕೊಬ್ಬರಾದರೂ ಹೀಗೆ ಪಟ್ಟಿ ಹಿಡಿದು ಬರುತ್ತಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ, ಅವ್ವನ ಬಾಟಲಿ ಹಿಡಿದು ನಿಂತವನು ನಾನೂ. ಆದರೂ ಅಳೆದು ಕೊಡುವುದಿಲ್ಲ. ನಮ್ಮದು ಕಲಿಕೆಯ ಪ್ರಯೋಗಾಲಯ, ನಮ್ಮ ಸಂಖ್ಯೆಗೆ ಕಾನೂನಿನ ಬಲವಿಲ್ಲ. ಮೇಲಾಗಿ ನನ್ನ ಮಾತು ಕೇಳಿ ಯಾರಾದರೂ ಔಷಧ ನಿಲ್ಲಿಸಿದರೆ ಅದರ ಹೊಣೆ ಹೊರಲಾರೆ.

ನಿಮಗೊಂದು ಹಕ್ಕಿದೆ, ಬಹಳ ಜನರಿಗೆ ಅದು ತಿಳಿದಿಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ 26ನೇ ಕಲಂ ಪ್ರಕಾರ ಔಷಧ ಕೊಂಡವರು ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯಬಹುದು. ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಬಿಡಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಬೇಡಿ. ಒಡೆಯದ ಪಟ್ಟಿ ಅಥವಾ ಬಾಟಲಿ ಬೇಕು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಓದಲು ಬರುವಂತಿರಬೇಕು, ಅಂಗಡಿಯ ಬಿಲ್ ಜೊತೆಗಿರಬೇಕು. ಉತ್ತರ ಬರುವವರೆಗೆ ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ. ಬಾಟಲಿಯನ್ನು ಮಾತ್ರ ಇವತ್ತೇ ಒಲೆಯ ಪಕ್ಕದಿಂದ ಎತ್ತಿ, ಬಿಸಿಲು ತಾಗದ ಒಳಕೋಣೆಯ ಕಪಾಟಿನಲ್ಲಿಡಿ.